ಅಡಕತ್ತರಿಯ ಮುಂದೆ



ನಮ್ಮ ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವನ್ನು ತಾವೆಲ್ಲ ಬಲ್ಲಿರಿ. ಕೇಳಕರರು (1896–1990) ಊರೂರು ಅಲೆದು ಕೂಡಿಸಿದ ಸಾಮಾನು 20,000ದಷ್ಟು. ಅದಕ್ಕೆ ಎಳವೆಯಲ್ಲೇ ತೀರಿಕೊಂಡ ಮಗ ರಾಜಾನ ಹೆಸರಿಟ್ಟರು. ಅಲ್ಲಿರುವುದು ಹೆಚ್ಚಾಗಿ ಮನೆಬಳಕೆಯದು: ದೀಪ, ಕುಂಕುಮದ ಭರಣಿ, ಅಂಗಾಲು ತಿಕ್ಕುವ ವಜ್ರಿ, ಅಡಿಗೆಯ ಪಾತ್ರೆ.

ಕಳೆದ ವರ್ಷ ನಾವು ಸಂಘದ ಮಕ್ಕಳನ್ನು ಅಜ್ಜಿಯರೊಡನೆ ಅಲ್ಲಿಗೆ ಕರೆದೊಯ್ದೆವು. ಅಡಕತ್ತರಿಗಳ ಮುಂದೆ ಒಬ್ಬ ಹುಡುಗ ಮರಾಠಿಯಲ್ಲಿ ‘ಅಡಕಿತ್ತಾ’ ಎಂದ. ಅವನ ಅಜ್ಜಿ, “ಆ ಮಾತಿನಾಗ ನಮ್ಮ ಅಡಿಕಿನ ಕುಂತೈತಿ ನೋಡೋ!” ಎಂದರು. ಆಮೇಲೆ ಅರ್ಧ ಗಂಟೆ ಯಾರೂ ಅಲ್ಲಿಂದ ಕದಲಲಿಲ್ಲ. ವಜ್ರಿಗೆ ಕನ್ನಡದ ಹೆಸರೇನೆಂದು ಅಜ್ಜಿಯರೊಳಗೇ ಜಗಳ. ನಡುವಯಸ್ಸಿನ ನಾವು ಮಾತ್ರ ಸುಮ್ಮನೆ ನಿಂತಿದ್ದೆವು. ಮಕ್ಕಳು ಕೇಳಿದ ಅರ್ಧಕ್ಕರ್ಧ ಸಾಮಾನಿನ ಹೆಸರು ನಮಗೂ ಬಾರದು.

ಆ ಅಜ್ಜಿಯರಲ್ಲಿ ಒಬ್ಬರು ಈ ಸಲ ನಮ್ಮೊಡನಿಲ್ಲ. ಆದಕಾರಣ ಮುಂದಿನ ಭೇಟಿಯನ್ನು ಬೇಸಿಗೆಯ ರಜೆಗೆಂದು ತಳ್ಳದೆ ಡಿಸೆಂಬರಿನಲ್ಲೇ ಇಟ್ಟುಕೊಳ್ಳೋಣವೆಂದು ನಮ್ಮ ಬಿನ್ನಹ. ಮನೆಗೊಬ್ಬ ಹಿರಿಯರು, ಬರೆದುಕೊಳ್ಳಲು ಒಬ್ಬ ಮೊಮ್ಮಗು ಬರಲಿ. ಟಿಕೀಟಿನ ಹಣ ಸಂಘದ್ದು. ಬುತ್ತಿ ಮಾತ್ರ ತಮ್ಮದು.