ಅಚ್ಚು ಒಂದು, ಪ್ರತಿ ಹಲವು

ಮನೆಯ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿ ನೋಡಿ. ಗೋಡೆಯ ಜೋಡಿಗೆರೆಗಳ ನಡುವೆ ಕಾಲುವೃತ್ತದ ಗೆರೆಯೊಂದು ಕಾಣುತ್ತದೆ. ಅದು ಬಾಗಿಲಿನ ಗುರುತು. ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದನ್ನು ಅದೇ ಹೇಳುತ್ತದೆ. ಮನೆಗೆ ಹತ್ತು ಬಾಗಿಲಿದ್ದರೆ ಅದೇ ಗುರುತು ಹತ್ತು ಕಡೆ ಬರಬೇಕು. ಟ್ರೇಸಿಂಗ್ ಕಾಗದದ ಕಾಲದಲ್ಲಿ ನಕ್ಷೆಗಾರನು ಹತ್ತನ್ನೂ ಕೈಯಿಂದಲೇ ಬರೆಯುತ್ತಿದ್ದನು. ತಿದ್ದಬೇಕಾಗಿ ಬಂದರೆ ಬ್ಲೇಡಿನಿಂದ ಮಸಿಯನ್ನು ಕೆರೆದು, ಹತ್ತನ್ನೂ ಹೊಸದಾಗಿ ಬರೆಯಬೇಕಾಗುತ್ತಿತ್ತು.

ಈ ಶ್ರಮವನ್ನು ತಪ್ಪಿಸುವ ದಾರಿಯನ್ನು 1963ರಲ್ಲಿ ಐವಾನ್ ಸದರ್ಲೆಂಡ್ ಎಂಬವರು ತೋರಿಸಿದರು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಅವರು ಒಪ್ಪಿಸಿದ ಡಾಕ್ಟರೇಟ್ ಪ್ರಬಂಧದ ವಿಷಯ ‘ಸ್ಕೆಚ್‌ಪ್ಯಾಡ್’. ಟಿಎಕ್ಸ್-2 ಎಂಬ ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರ ಬರೆಯುವ ವ್ಯವಸ್ಥೆ ಅದು. ಅಲ್ಲಿ ಒಂದು ಮೂಲಚಿತ್ರವನ್ನು ಬರೆದಿಟ್ಟು, ಬೇಕಾದಲ್ಲೆಲ್ಲ ಅದರ ಪ್ರತಿಗಳನ್ನು ಇರಿಸಬಹುದಾಗಿತ್ತು. ಮೂಲವನ್ನು ತಿದ್ದಿದರೆ ಪ್ರತಿಗಳೆಲ್ಲವೂ ತಾವಾಗಿಯೇ ಬದಲಾಗುತ್ತಿದ್ದವು.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಎರೆಯುವವರಿಗೆ ಇದು ಸೋಜಿಗವೆನಿಸೀತು. ಮರದ ಅಚ್ಚಿನಲ್ಲಿ ಗಿಳಿಯ ಕೊಕ್ಕನ್ನು ತಿದ್ದಿದರೆ ಮುಂದೆ ಎರೆಯುವ ಗಿಳಿಗಳ ಕೊಕ್ಕು ಮಾತ್ರ ಬದಲಾಗುತ್ತದೆ. ಆಗಲೇ ತಟ್ಟೆಯಲ್ಲಿರುವ ಗಿಳಿಗಳು ಹಾಗೆಯೇ ಇರುತ್ತವೆ. ಕಂಪ್ಯೂಟರಿನ ಅಚ್ಚಿನಲ್ಲಾದರೋ ತಟ್ಟೆಯಲ್ಲಿರುವ ಗಿಳಿಗಳ ಕೊಕ್ಕೂ ಬದಲಾಗುತ್ತದೆ.

1982ರಲ್ಲಿ ಹೊರಬಂದ ಆಟೋಕ್ಯಾಡ್ ತಂತ್ರಾಂಶದಲ್ಲಿ ಇಂಥ ಅಚ್ಚಿಗೆ ‘ಬ್ಲಾಕ್’ ಎಂದು ಹೆಸರು. ಮೊದಮೊದಲು ಬ್ಲಾಕನ್ನು ತಿದ್ದಲು ಒಂದು ಪ್ರತಿಯನ್ನು ಬಿಡಿ ಗೆರೆಗಳಾಗಿ ಒಡೆದು, ತಿದ್ದಿ, ಮತ್ತೆ ಅದೇ ಹೆಸರಿನಲ್ಲಿ ಕಟ್ಟಬೇಕಾಗಿತ್ತು. 1999ರಲ್ಲಿ ಬಂದ ಆಟೋಕ್ಯಾಡ್ 2000ರಲ್ಲಿ ಇದ್ದ ಜಾಗದಲ್ಲೇ ತಿದ್ದುವ ಅನುಕೂಲ ಒದಗಿತು. ಒಂದು ಬಾಗಿಲನ್ನು ಆರಿಸಿಕೊಂಡರೆ ಉಳಿದ ನಕ್ಷೆ ಮಸುಕಾಗುತ್ತದೆ, ಆದರೆ ಮರೆಯಾಗುವುದಿಲ್ಲ. ಪಕ್ಕದ ಗೋಡೆ, ಎದುರಿನ ನಡುಮನೆ ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಅವನ್ನು ನೋಡಿಕೊಂಡು ತಿದ್ದಿ, ಉಳಿಸಬಹುದು, ಬೇಡವೆನಿಸಿದರೆ ಕೈಬಿಡಬಹುದು.

ಆದರೆ ಎಚ್ಚರಿಕೆ ಬೇಕಾದದ್ದೂ ಇಲ್ಲಿಯೇ. ಕಣ್ಣು ನೋಡುತ್ತಿರುವುದು ಒಂದು ಜಾಗವನ್ನು. ಕೈ ತಿದ್ದುತ್ತಿರುವುದು ಎಲ್ಲ ಜಾಗಗಳನ್ನು.

24 ಮನೆಗಳ ಒಂದು ಕಟ್ಟಡವಿದೆ ಎಂದುಕೊಳ್ಳಿ. ಒಂದು ಮನೆಯಲ್ಲಿ ಅಜ್ಜಿಯ ಗಾಲಿಕುರ್ಚಿ ಬಚ್ಚಲಮನೆಯೊಳಗೆ ಹೋಗಬೇಕು. ಅದಕ್ಕಾಗಿ 750 ಮಿಲಿಮೀಟರ್ ಬಾಗಿಲನ್ನು 900 ಮಾಡಬೇಕೆಂದು ಆ ಮನೆಯವರು ಕೇಳುತ್ತಾರೆ. ನಕ್ಷೆಗಾರನು ಅಲ್ಲಿಯೇ ಬ್ಲಾಕನ್ನು ತಿದ್ದಿ ಉಳಿಸುತ್ತಾನೆ. ಆ ಗಳಿಗೆಯಲ್ಲಿ 24 ಬಚ್ಚಲ ಬಾಗಿಲುಗಳೂ ಅಗಲವಾಗುತ್ತವೆ. ಜಾಗ ಇಕ್ಕಟ್ಟಾಗಿರುವ ಮನೆಯಲ್ಲಿ ಬಾಗಿಲು ಕೈತೊಳೆಯುವ ಬೇಸಿನ್ನಿಗೆ ತಗಲುತ್ತದೆ. ಗೋಡೆಯ ಗೆರೆಗಳು ಬ್ಲಾಕಿನ ಹೊರಗಿದ್ದರೆ ಗೋಡೆಯಲ್ಲಿ ಬಿಟ್ಟ ಜಾಗ ಅಗಲವಾಗುವುದಿಲ್ಲ. ಅಗಲದ ಅಂಕಿಯನ್ನು ಪ್ರತಿಯೊಂದು ಬಾಗಿಲಿಗೂ ಬೇರೆಯಾಗಿ ತುಂಬಿದ್ದರೆ ಅದು 750 ಎಂದೇ ಉಳಿಯುತ್ತದೆ. ಬಡಗಿ ಚೌಕಟ್ಟು ಮಾಡುವುದು ಅಂಕಿ ನೋಡಿ. ಇನ್ನು ಹಿಂದೆ ಯಾರಾದರೂ ಬಿಡಿ ಗೆರೆಗಳಾಗಿ ಒಡೆದಿಟ್ಟ ಪ್ರತಿಯಿದ್ದರೆ, ತಿದ್ದುಪಡಿ ಅದನ್ನು ಮುಟ್ಟುವುದೇ ಇಲ್ಲ.

ಆದುದರಿಂದ ತಿದ್ದುವ ಮೊದಲೇ ಕೇಳಿಕೊಳ್ಳತಕ್ಕ ಪ್ರಶ್ನೆ: ಈ ಬದಲಾವಣೆ ಎಲ್ಲ ಕಡೆಗೂ ಬೇಕೋ, ಒಂದೇ ಕಡೆಗೆ ಸಾಕೋ? ಒಂದೇ ಕಡೆಗಾದರೆ ಹೊಸ ಹೆಸರಿನ ಬೇರೆ ಬ್ಲಾಕನ್ನು ಮಾಡಿ ಆ ಜಾಗದಲ್ಲಿ ಇರಿಸುವುದು ಕ್ಷೇಮ. ಎಲ್ಲ ಕಡೆಗೂ ಆದರೆ ಅಚ್ಚನ್ನೇ ತಿದ್ದಬಹುದು; ಆಮೇಲೆ ಒಂದೊಂದು ಪ್ರತಿಯನ್ನೂ, ಅದರ ಅಂಕಿಯನ್ನೂ, ಗೋಡೆಯನ್ನೂ ನೋಡಿ ಬರಬೇಕು.

ಇದೆಲ್ಲ ನಕ್ಷೆಗಾರನ ಕೆಲಸ, ನಮಗೇನು ಎನ್ನಬೇಡಿ. ಮನೆ ಕಟ್ಟಿಸುವವರು ನೀವು. ಒಂದು ಬಾಗಿಲನ್ನು ಬದಲಿಸಿ ಎನ್ನುವವರೂ ನೀವೇ. ಬದಲಾದ ಮೇಲೆ ಆ ಒಂದು ಕೋಣೆಯನ್ನಷ್ಟೇ ನೋಡಿ ತಲೆಯಾಡಿಸಬೇಡಿ. ಇಡೀ ಹಾಳೆಯನ್ನು ತೋರಿಸುವಂತೆ ಕೇಳಿ. ಬದಲಾದ ತಾರೀಖನ್ನು ಅದರ ಮೇಲೆ ಬರೆಸಿ. ಮೇಸ್ತ್ರಿಯ ಬಳಿ ಇರುವ ಹಳೆಯ ಹಾಳೆಯನ್ನು ಹಿಂದಕ್ಕೆ ಪಡೆಯುವುದನ್ನಂತೂ ಮರೆಯಬೇಡಿ. ಪರದೆಯ ಮೇಲಿನ ಪ್ರತಿ ಅಚ್ಚಿನೊಡನೆ ಬದಲಾಗುತ್ತದೆ. ಕಾಗದಕ್ಕೆ ಇಳಿದ ಪ್ರತಿ ತಟ್ಟೆಯಲ್ಲಿನ ಸಕ್ಕರೆ ಗಿಳಿಯಂತೆ, ಎರೆದಾಗ ಹೇಗಿತ್ತೋ ಹಾಗೆಯೇ ಇರುತ್ತದೆ. ಗೋಡೆ ಏಳುವುದು ಆ ಕಾಗದವನ್ನು ನೋಡಿಯೇ.