ಹಿರಿಯರ ಬಾಗಿಲು ಕಾಯುವ ಹೊಣೆ

(ದಾಬಸ್‌ಪೇಟೆಯ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನದ ಬರಹರೂಪ)



ದಾಸೋಹವೆಂದರೆ ಅನ್ನ ನೀಡುವುದು ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಅದು ನಿಜ, ಆದರೆ ಅಷ್ಟೇ ಅಲ್ಲ. ಒಬ್ಬರನ್ನು ಕರೆದು ಪಂಕ್ತಿಯಲ್ಲಿ ಕೂರಿಸಿದ ಮೇಲೆ ಅವರು ಎದ್ದು ಸುಖವಾಗಿ ಮನೆ ಸೇರುವವರೆಗೂ ಹೊಣೆ ಕರೆದವರದೇ. ಅನ್ನ ಹಳಸಿದ್ದರೆ ಬಡಿಸಿದವನು ಉತ್ತರ ಹೇಳಬೇಕು. ಚಪ್ಪರ ಕುಸಿದರೆ ಕಟ್ಟಿಸಿದವನು ಉತ್ತರ ಹೇಳಬೇಕು. ಹಾಗಾದರೆ, ನಡೆಯಲಾರದ, ಕಣ್ಣು ಮಂಜಾದ ಹಿರಿಯರನ್ನು ವೃದ್ಧಾಶ್ರಮವೆಂಬ ಒಂದು ಸೂರಿನ ಕೆಳಗೆ ಇರಿಸಿದ ಮೇಲೆ, ಅಲ್ಲಿಗೆ ಮಹಾಮಾರಿ ಬಂದರೆ ಉತ್ತರ ಹೇಳಬೇಕಾದವರು ಯಾರು? ಈ ದಿನ ಅದನ್ನೇ ವಿಚಾರ ಮಾಡೋಣ.

2020ರಲ್ಲಿ ಕೊರೊನಾ ಬಂತು. ನಮ್ಮ ದೇಶದಲ್ಲಿ ಅದು ಕೊಂಡೊಯ್ದ ಮೊದಲ ಜೀವ ನಮ್ಮ ಕಲಬುರಗಿಯ 76 ವರ್ಷದ ಹಿರಿಯರೊಬ್ಬರದು. ಆ ವರ್ಷದ ಮಾರ್ಚ್ 10ರಂದು ಅವರು ತೀರಿಕೊಂಡರು. ರೋಗದ ಸ್ವಭಾವ ಮೊದಲ ದಿನವೇ ತಿಳಿಯಿತು. ಅದು ಎಲ್ಲರಿಗೂ ತಗಲುತ್ತಿತ್ತು. ಆದರೆ ವಯಸ್ಸಾದವರನ್ನು, ಸಕ್ಕರೆ ಕಾಯಿಲೆ, ಹೃದ್ರೋಗ ಇದ್ದವರನ್ನು ಆರಿಸಿಕೊಂಡು ಬೀಳಿಸುತ್ತಿತ್ತು.

ಶ್ರೀಮಂತ ದೇಶಗಳಲ್ಲಿ ಏನಾಯಿತೆಂಬುದನ್ನೂ ತಿಳಿಯಬೇಕು. ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ಹಾಸಿಗೆಗಳನ್ನು ತೆರವು ಮಾಡಬೇಕೆಂದು 2020ರ ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದೊಳಗೆ ಸುಮಾರು 25,000 ಮಂದಿಯನ್ನು ವೃದ್ಧರ ಆರೈಕೆಯ ಮನೆಗಳಿಗೆ ಕಳುಹಿಸಿದರು. ಅವರಲ್ಲಿ ಬಹುಮಂದಿಗೆ ಪರೀಕ್ಷೆಯನ್ನೇ ಮಾಡಿರಲಿಲ್ಲ. ಆ ಮನೆಗಳಲ್ಲಿ ಸಾವಿರಾರು ಹಿರಿಯರು ಅಸುನೀಗಿದರು. ತಂದೆಯಂದಿರನ್ನು ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳು ನ್ಯಾಯಾಲಯಕ್ಕೆ ಹೋದರು. ಲಕ್ಷಣವಿಲ್ಲದವರಿಂದಲೂ ರೋಗ ಹರಡಬಹುದೆಂಬ ಅಪಾಯವನ್ನು ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಆದ್ದರಿಂದ ಆ ನೀತಿ ಕಾನೂನುಬಾಹಿರ ಎಂದು 2022ರ ಏಪ್ರಿಲ್ 27ರಂದು ಲಂಡನ್ನಿನ ಹೈಕೋರ್ಟು ತೀರ್ಪು ನೀಡಿತು.

ಇಲ್ಲಿ ಸೂಕ್ಷ್ಮವಾದ ಒಂದು ಮಾತಿದೆ. ಆಶ್ರಮದ ಹಿರಿಯರು ಎಲ್ಲಿಗೂ ಹೋಗುವವರಲ್ಲ. ಸಂತೆಗೆ ಹೋಗರು, ಮದುವೆಗೆ ಹೋಗರು. ರೋಗವನ್ನು ಅವರು ತಂದುಕೊಳ್ಳಲಿಲ್ಲ. ಅದು ಅವರ ಹಾಸಿಗೆಯವರೆಗೆ ನಡೆದು ಬಂದುದು ನಡೆಯಬಲ್ಲವರ ಕಾಲಿನಿಂದ. ಆದುದರಿಂದ ಎಚ್ಚರದ ಹೊಣೆ ಮಲಗಿದವರದಲ್ಲ, ಓಡಾಡುವವರದು. ಬಲವುಳ್ಳವನ ಮೇಲೇ ಭಾರ ಹೆಚ್ಚು. ಇದು ಧರ್ಮದ ಲೆಕ್ಕ.

ಆ ದಿನಗಳಲ್ಲಿ ಕೆಲವು ಭಕ್ತರು ನಮ್ಮನ್ನು ಕೇಳಿದರು: “ಬುದ್ಧೀ, ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಈಗ ನಾವು ತಂದೆತಾಯಿಯಿಂದಲೇ ಆರಡಿ ದೂರ ನಿಲ್ಲಬೇಕೆ? ಇದು ಸೂತಕವಲ್ಲವೆ?” ಒಳ್ಳೆಯ ಪ್ರಶ್ನೆ. ಸೂತಕ ಪಾಲಿಸುವವನು ತಾನು ಮೈಲಿಗೆಯಾಗಬಾರದೆಂದು ದೂರ ನಿಲ್ಲುತ್ತಾನೆ. ಅವನ ಚಿಂತೆಯೆಲ್ಲ ತನ್ನದು. ತನ್ನಿಂದ ಎದುರಿನ ಮುದಿಜೀವಕ್ಕೆ ಕೇಡಾಗಬಾರದೆಂದು ದೂರ ನಿಲ್ಲುವವನ ಚಿಂತೆ ಆ ಜೀವದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಅಂತರ. ಒಳಗೆ ಒಂದು ಅಹಂಕಾರ, ಇನ್ನೊಂದು ದಯೆ. ಆದರೆ ದಯೆಯ ಹೆಸರು ಹೇಳಿ ದೂರ ನಿಂತವನು ಕಿಟಕಿಯಾಚೆಯಿಂದಲೂ ಮಾತನಾಡಿಸದೆ, ದೂರವಾಣಿಯಲ್ಲೂ ವಿಚಾರಿಸದೆ ಇದ್ದರೆ ಅದು ಮತ್ತೆ ಸೂತಕವೇ ಆಯಿತು. ಬಾಗಿಲು ಮುಚ್ಚುವುದು ರಕ್ಷಣೆಯ ಅರ್ಧ ಮಾತ್ರ. ಮುಚ್ಚಿದ ಬಾಗಿಲ ಹಿಂದೆ ಹಿರಿಯ ಜೀವ ಒಂಟಿತನದಿಂದ ಬಾಡದಂತೆ ನೋಡುವುದು ಉಳಿದರ್ಧ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆಮೇಲೆ ಎಷ್ಟೋ ವರ್ಷ ನಮ್ಮ ಹಳ್ಳಿಗಳಲ್ಲೂ ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ನಡೆಯಲಾರದ ಮುದುಕಿಯನ್ನು ಗಾಡಿಯಲ್ಲಿ ಮೊದಲು ಕೂರಿಸಿ ಆಮೇಲೆ ಪಾತ್ರೆಪಡಗ ಏರಿಸಿದ ಮನೆಗಳೂ ಇದ್ದವು, ಪಾತ್ರೆಪಡಗ ಏರಿಸಿ ಮುದುಕಿಗೆ ಜಾಗವಿಲ್ಲವೆಂದ ಮನೆಗಳೂ ಇದ್ದವು ಎಂದು ಹಿಂದಿನವರು ಹೇಳುತ್ತಿದ್ದರು. ಮನುಷ್ಯನ ಧರ್ಮ ಪರೀಕ್ಷೆಯಾಗುವುದು ಗಾಡಿ ಹೂಡುವ ಆ ಗಳಿಗೆಯಲ್ಲಿ.

ಹೊಣೆ ಯಾರದೆಂದು ಕೇಳಿದರೆ ಮಕ್ಕಳು ಆಶ್ರಮದ ಕಡೆ ಬೆರಳು ತೋರಿಸುತ್ತಾರೆ. ಆಶ್ರಮದವರು ಸರ್ಕಾರದ ಕಡೆ. ಸರ್ಕಾರ ಮಕ್ಕಳ ಕಡೆ. ಬೆರಳು ಸುತ್ತು ಹಾಕುವಷ್ಟರಲ್ಲಿ ಜೀವ ಹೋಗಿರುತ್ತದೆ. 2007ರ ಹಿರಿಯ ನಾಗರಿಕರ ಪಾಲನೆಯ ಕಾಯಿದೆ ಹೆತ್ತವರನ್ನು ಪೋಷಿಸುವುದು ಮಕ್ಕಳ ಕರ್ತವ್ಯವೆಂದಿದೆ. ಕೈಬಿಟ್ಟರೆ ಮೂರು ತಿಂಗಳ ಸೆರೆವಾಸವನ್ನೂ ಹೇಳಿದೆ. ಅದೇ ಕಾಯಿದೆ ಜಿಲ್ಲೆಗಳಲ್ಲಿ ವೃದ್ಧಾಶ್ರಮ ನಡೆಸುವ, ಹಿರಿಯರಿಗೆ ಚಿಕಿತ್ಸೆ ಒದಗಿಸುವ ಕೆಲಸವನ್ನು ರಾಜ್ಯ ಸರ್ಕಾರದ ಮುಂದಿಟ್ಟಿದೆ. ಹೊಣೆ ಹಂಚಿಕೊಂಡರೆ ಕಡಿಮೆಯಾಗುವ ಪದಾರ್ಥವಲ್ಲ. ಹತ್ತು ಜನ ರಥ ಎಳೆಯುವಾಗ ಪ್ರತಿಯೊಬ್ಬನೂ ತಾನೊಬ್ಬನೇ ಎಳೆಯುತ್ತಿರುವಂತೆ ಎಳೆಯಬೇಕು.

ಸರ್ಕಾರದ ಕಣ್ಣಿಗೆ ಹಿರಿಯರು ಹೇಗೆ ಮರೆಯಾಗುತ್ತಾರೆ, ನೋಡಿ. 2021ರ ಮಾರ್ಚ್ 1ರಿಂದ 60 ವರ್ಷ ದಾಟಿದವರಿಗೆ ಲಸಿಕೆ ಆರಂಭವಾಯಿತು. ಗುರುತಿನ ಚೀಟಿ ಬೇಕಾಯಿತು. ಆಶ್ರಮದ ಮೂಲೆಯಲ್ಲಿರುವ ಅನಾಥ ಅಜ್ಜಿಗೆ ಯಾವ ಚೀಟಿ? ಆಮೇಲೆ ಆ ವರ್ಷದ ಬೇಸಿಗೆಯಲ್ಲೇ ಕೇಂದ್ರ ಸರ್ಕಾರ ವೃದ್ಧಾಶ್ರಮದವರು, ಭಿಕ್ಷುಕರು ಮೊದಲಾದ ಚೀಟಿಯಿಲ್ಲದವರಿಗೂ ಲಸಿಕೆ ಹಾಕುವ ಕ್ರಮ ಮಾಡಿತು. ಒಳ್ಳೆಯದಾಯಿತು. ಆದರೆ ಇಂಥವರು ಇಲ್ಲಿದ್ದಾರೆ ಎಂದು ಹೇಳುವವರೊಬ್ಬರು ಆ ಊರಿನಲ್ಲಿ ಇರಬೇಕು. ಆ ಒಬ್ಬರು ನೀವಾಗಬೇಕು.

ಆರೈಕೆ ಮಾಡುವ ಕೈಗಳನ್ನೂ ಮರೆಯಬಾರದು. ಮಲಮೂತ್ರ ತೆಗೆದು, ಮೈ ಒರೆಸಿ, ತುತ್ತಿಡುವ ಆಯಾಗಳ ಕಾಯಕ ಸಣ್ಣದೆಂದು ತಿಳಿದು ಸಣ್ಣ ಕೂಲಿ ಕೊಡುತ್ತೇವೆ. ಕೂಲಿ ಸಾಲದೆ ಅವರು ಎರಡು ಮೂರು ಕಡೆ ದುಡಿಯುತ್ತಾರೆ. ಜ್ವರ ಬಂದರೂ ಕೂಲಿ ಹೋಗುತ್ತದೆಂದು ಬರುತ್ತಾರೆ. ಅವರೊಡನೆ ರೋಗವೂ ಬರುತ್ತದೆ. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಇದನ್ನು ಅರಿತು, 2020ರ ವಸಂತದಲ್ಲೇ ಒಬ್ಬರು ಒಂದೇ ಆರೈಕೆಯ ಮನೆಯಲ್ಲಿ ದುಡಿಯಬೇಕೆಂದು ವಿಧಿಸಿ, ಅವರಿಗೆ ನಷ್ಟವಾಗದಂತೆ ವೇತನವನ್ನೂ ಹೆಚ್ಚಿಸಿದರು. ಕಾಯಕಕ್ಕೆ ತಕ್ಕ ಫಲ ಕೊಡುವುದು ರೋಗಕ್ಕೂ ಮದ್ದು ಎಂಬುದು ಇದರಿಂದ ಸಿದ್ಧವಾಯಿತು.

ಸಾಕಿದವರ ಹೊಣೆ ಹೇಗಿರಬೇಕೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಇದೇ ಹೆದ್ದಾರಿಯಲ್ಲಿ ಮುಂದೆ ಸಿದ್ಧಗಂಗೆ ಇದೆ. 2019ರ ಜನವರಿ 21ರಂದು ಪೂಜ್ಯ ಶಿವಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಸುದ್ದಿ ತಿಳಿಸಿದರು; ಅದು ಅವರ ಇಚ್ಛೆಯಾಗಿತ್ತು. ತಮ್ಮ ಸಾವಿನಿಂದಲೂ ಆಶ್ರಯದಲ್ಲಿರುವವರ ತುತ್ತು ತಪ್ಪಬಾರದೆಂಬುದು ಹೊಣೆಯ ಶಿಖರ.

ಬಂಧುಗಳೇ, ಕಟ್ಟಡ ಸ್ಥಾವರ. ಅದರೊಳಗೆ ಮಂಚದ ಮೇಲಿರುವ ಹಿರಿಯ ಜೀವ ಜಂಗಮ. ಗೋಡೆಯ ಮೇಲೆ ದಾನಿಗಳ ಹೆಸರು ಕೆತ್ತಿಸುವ ಮೊದಲು ಒಳಗೆ ಹೋಗಿ ನೋಡಿ. ಜ್ವರ ಬಂದವರನ್ನು ಬೇರೆ ಇರಿಸಲು ಒಂದು ಕೋಣೆ ಇದೆಯೇ? ರಾತ್ರಿ ಎಚ್ಚರವಿರುವವರು ಎಷ್ಟು ಮಂದಿ? ಕರೆದರೆ ಬರುವ ವೈದ್ಯರು ಯಾರು? ಯಾರಿಗೆ ಯಾವ ಔಷಧ ಎಂಬ ಪಟ್ಟಿ ಇದೆಯೇ? ಆಯಾ ಕಾಯಿಲೆ ಬಿದ್ದರೆ ಆ ದಿನದ ಕೂಲಿ ಸಿಗುತ್ತದೆಯೇ? ಇವನ್ನು ರೋಗವಿಲ್ಲದ ಕಾಲದಲ್ಲೇ ಕೇಳಬೇಕು. ಶಿವಗಂಗೆಯ ಬೆಟ್ಟ ಹತ್ತುವವನು ಬಿಸಿಲೇರುವ ಮುಂಚೆಯೇ ಹೊರಡುತ್ತಾನೆ.

ಸೋಂಪುರದ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗಿಬರುವ ತರುಣರೇ, ನಿಮ್ಮ ಮನೆಯಲ್ಲೂ ಒಂದು ಮಂಚವಿದೆ. ಕೆಮ್ಮು ನೆಗಡಿ ಇದ್ದ ದಿನ ಮುಖಕ್ಕೆ ಬಟ್ಟೆ ಕಟ್ಟಿ, ಕೈತೊಳೆದು ಆ ಮಂಚದ ಬಳಿಗೆ ಹೋಗಿ. ಹೋಗದೆ ಮಾತ್ರ ಇರಬೇಡಿ.

ಎಲ್ಲರ ಮನೆಯ ಹಿರಿಯರೂ ಸುಖವಾಗಿ ಬಾಳಲಿ. ಅವರನ್ನು ಕಾಯುವ ಶಕ್ತಿಯನ್ನು ಗುರುಬಸವಣ್ಣನು ನಿಮಗೆ ಕರುಣಿಸಲಿ. ಶರಣು ಶರಣಾರ್ಥಿ.