ಗೊಣಗಿದ್ದು ಕಡತಕ್ಕೆ ಏರುವುದಿಲ್ಲ



ಉದ್ಯೋಗದ ಜಾಗದಲ್ಲಿ ಹೆಣ್ಣುಮಕ್ಕಳು ದಿಟ್ಟವಾಗಿ ಮಾತಾಡುವುದರ ಬಗ್ಗೆ ಹೇಳಿ ಎಂದು ಸಂಘಟಕರು ನನ್ನನ್ನು ಇಲ್ಲಿ ಕೂರಿಸಿದ್ದಾರೆ. ಈ ವಿಷಯಕ್ಕೆ ಈಗ ಕಂಪನಿಗಳಲ್ಲಿ ತರಬೇತಿ ಶಿಬಿರಗಳೇ ನಡೆಯುತ್ತವೆ. ಬೆನ್ನು ನೆಟ್ಟಗಿರಲಿ, ಎದುರಿನವರ ಮುಖ ನೋಡಿ ಮಾತಾಡಿ, ದನಿ ನಡುಗದಿರಲಿ ಎಂದು ಹೇಳಿಕೊಡುತ್ತಾರೆ. ಕಲಿತರೆ ನಷ್ಟವೇನಿಲ್ಲ. ಆದರೆ ಆ ಪಾಠವೆಲ್ಲ ಶುರುವಾಗುವುದು ನಮಗೆ ಮಾತು ಬರುವುದಿಲ್ಲ ಎಂಬ ನಂಬಿಕೆಯಿಂದ. ಅದನ್ನು ನಾನು ಒಪ್ಪುವುದಿಲ್ಲ. ಸ್ವಸಹಾಯ ಸಂಘದ ಸಾಲಕ್ಕಾಗಿ ಬ್ಯಾಂಕ್ ಮ್ಯಾನೇಜರ್ ಎದುರು ವಾದಿಸುವವಳಿಗೆ ಮಾತು ಬರುವುದಿಲ್ಲವೇ? ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ನಮ್ಮ ಬಾಯಿಂದ ಬರುವ ಮಾತುಗಳನ್ನು ಮೇಲಧಿಕಾರಿಗಳು ಒಮ್ಮೆ ಮರೆಯಲ್ಲಿ ನಿಂತು ಕೇಳಬೇಕು! ಮಾತಿಗೇನೂ ಬರವಿಲ್ಲ. ತಲುಪಬೇಕಾದ ಮೇಜಿಗೆ ಅದು ತಲುಪುತ್ತಿಲ್ಲ, ಅಷ್ಟೇ.

ತಲುಪಿಸಿದವರೊಬ್ಬರು ನಮ್ಮ ಕೊಡಗಿನಲ್ಲಿ ಹುಟ್ಟಿದರು. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಪರೀಕ್ಷೆ ಪಾಸಾಗಿ ಸಂದರ್ಶನಕ್ಕೆ ಹೋದರೆ, ಈ ಸೇವೆ ಹೆಂಗಸರಿಗೆ ತಕ್ಕದ್ದಲ್ಲ ಎಂದು ಆಯ್ಕೆ ಮಂಡಳಿಯವರೇ ಮನಸ್ಸು ತಿರುಗಿಸಲು ನೋಡಿದರಂತೆ. ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಅವರ ಜೊತೆಗಿದ್ದ ಗಂಡಸರಿಗೆ ಅಂಥ ಮುಚ್ಚಳಿಕೆ ಇರಲಿಲ್ಲ ಎಂದು ಬೇರೆ ಹೇಳಬೇಕಿಲ್ಲವಷ್ಟೆ. 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು, ಆಮೇಲೆ ಘಾನಾಕ್ಕೆ ಹೋದರು. ಇಷ್ಟು ವರ್ಷ ದುಡಿದ ಮೇಲೂ ಮೇಲಿನ ದರ್ಜೆಗೆ ಬಡ್ತಿ ಕೊಡುವಾಗ ಅರ್ಹತೆ ಸಾಲದು ಎಂದು ಬದಿಗಿಟ್ಟರು.

ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ನನಗೆ ಹಿಡಿಸಿದ್ದು ಅವರು ಹೋದ ರೀತಿ. ನನಗೆ ಅನ್ಯಾಯವಾಗಿದೆ ಎಂದಷ್ಟೇ ಹೇಳಿ ಕೈಕಟ್ಟಿ ನಿಲ್ಲಲಿಲ್ಲ. ಸೇವೆಯಲ್ಲಿರುವ ಹೆಣ್ಣು ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿ ಎಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೇಳಬಹುದು ಎನ್ನುವ ನಿಯಮ ಒಂದು. ಮದುವೆಯಾದ ಹೆಣ್ಣಿಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ ಎನ್ನುವ ನಿಯಮ ಇನ್ನೊಂದು. ಎರಡನ್ನೂ ಬೆರಳಿಟ್ಟು ತೋರಿಸಿದರು. ಅರ್ಜಿ ಹಾಕಿದ ಮೇಲೆ ಸರ್ಕಾರಕ್ಕೆ ಅದು ಹೇಗೋ ಅವರ ಅರ್ಹತೆ ಕಾಣಿಸಿತು, ಬಡ್ತಿ ಬಂತು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪು ಬರೆದಾಗ, ಬಡ್ತಿ ಆಗಲೇ ಸಿಕ್ಕಿದ್ದರಿಂದ ಅರ್ಜಿ ವಜಾ ಆಯಿತು. ಆದರೆ ಆ ನಿಯಮಗಳು ಹೆಣ್ಣಿನ ಮೇಲಿನ ತಾರತಮ್ಯವೆಂದು ಅದೇ ತೀರ್ಪು ಎತ್ತಿ ಆಡಿತು. ಮುತ್ತಮ್ಮನವರ ಜ್ಯೇಷ್ಠತೆಯನ್ನು ಮತ್ತೆ ಪರಿಶೀಲಿಸಿ ಎಂದು ಸರ್ಕಾರಕ್ಕೆ ಹೇಳಿತು. ಕಾಗದದಲ್ಲಿ ಸೋತು ಗೆಲ್ಲುವುದೆಂದರೆ ಇದು.

ಈಗ ನಮ್ಮ ಕಚೇರಿಗೆ ಬರೋಣ. "ತಪ್ಪು ತಿಳ್ಕೋಬೇಡಿ ಸರ್, ನಿಮಗೆ ತೊಂದರೆ ಇಲ್ಲ ಅಂದ್ರೆ ನಂದೊಂದು ಸಣ್ಣ ರಿಕ್ವೆಸ್ಟು..." ಇಷ್ಟು ಹೊತ್ತಿಗೆ ಸಾಹೇಬರು ಫೋನ್ ಎತ್ತಿಕೊಂಡಿರುತ್ತಾರೆ. ಅದೇ ವಿಷಯವನ್ನು ಹೀಗೆ ಹೇಳಿನೋಡಿ: "ಸರ್, ಸಂಜೆ ಮೀಟಿಂಗ್ ಏಳರ ತನಕ ಎಳೀತಿದೆ, ಊರಿನ ಬಸ್ಸು ತಪ್ಪುತ್ತೆ. ಸೋಮವಾರದಿಂದ ಮೂರಕ್ಕೆ ಶುರು ಮಾಡೋಣ." ಇದರಲ್ಲಿ ಒರಟುತನ ಎಲ್ಲಿದೆ? ಸರ್ ಎಂಬ ಮರ್ಯಾದೆಯೂ ಹಾಗೇ ಇದೆ. ತೊಂದರೆ ಏನು, ಆಗಬೇಕಾದ್ದು ಏನು, ಯಾವಾಗಿನಿಂದ ಎಂಬುದೆಲ್ಲ ಬಂದಿದೆ. ಸಂಜೆಯೊಳಗೆ ಅದನ್ನೇ ಎರಡು ಸಾಲು ಇಮೇಲ್ ಮಾಡಿಬಿಡಿ. ಬಾಯಿಮಾತನ್ನು ಮರೆಯುವವರು ಕಾಗದವನ್ನು ಮರೆಯಲಾರರು.

ಸಭೆಯಲ್ಲಿ ನೀವು ಹೇಳಿದ್ದನ್ನೇ ಹತ್ತು ನಿಮಿಷ ಬಿಟ್ಟು ಪಕ್ಕದವರು ಹೇಳಿ ಭೇಷ್ ಎನಿಸಿಕೊಳ್ಳುವುದು ಎಲ್ಲರ ಅನುಭವ. ನೀವು ನಗುತ್ತಿರುವುದರಿಂದಲೇ ಗೊತ್ತಾಗುತ್ತದೆ. ಆಗ, ಇದು ಇವರು ಮೊದಲೇ ಹೇಳಿದ್ದು, ನಡಾವಳಿಯಲ್ಲಿ ಅವರ ಹೆಸರಿನಲ್ಲೇ ಬರೆದುಕೊಳ್ಳಿ ಎಂದು ಮಗ್ಗುಲಲ್ಲಿ ಕುಳಿತ ಗೆಳತಿ ಹೇಳಬೇಕು. ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಜಂಬ ಎನ್ನುವವರು ಇನ್ನೊಬ್ಬಳು ಹೇಳಿದಾಗ ಸುಮ್ಮನಾಗುತ್ತಾರೆ. ಹಾಗೆಯೇ ಆ ನಡಾವಳಿ ಬರೆಯುವ ಕೆಲಸ, ಚಹಾ ತರಿಸುವ ಕೆಲಸ, ವರ್ಗವಾದವರಿಗೆ ಶಾಲು ಹಾರ ತರುವ ಕೆಲಸ ಸರದಿಯ ಮೇಲೆ ಗಂಡಸರಿಗೂ ಬರಲಿ. ಖಡಕ್ಕಾಗಿ ಮಾತಾಡಿದ ಗಂಡಸು ದಕ್ಷ ಅಧಿಕಾರಿ, ಹೆಂಗಸಾದರೆ ಬಜಾರಿ. ಈ ಹೆಸರು ಒಂದಲ್ಲ ಒಂದು ದಿನ ಬರುತ್ತದೆ, ಬಂದರೆ ಬರಲಿ.

ಇಷ್ಟನ್ನೂ ಹೇಳುವಾಗ ನನಗೆ ಒಂದು ಅಳುಕಿದೆ. ಇದೆಲ್ಲ ಕುರ್ಚಿ ಮೇಜು ಇರುವವರ ಮಾತಾಯಿತು. ಗಾರ್ಮೆಂಟ್ ಕಾರ್ಖಾನೆಯ ಲೈನಿನಲ್ಲಿ ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಕೆಳಗೆ ಹೊಲಿಯುತ್ತಿರುವವಳು, ಏ ಬಾರೆ ಎಂದು ಕರೆದ ಸೂಪರ್‌ವೈಸರ್‌ಗೆ ಒಬ್ಬಳೇ ಎದುರು ನಿಂತರೆ ನಾಳೆ ಗೇಟಿನ ಒಳಗೆ ಬಿಡುತ್ತಾರೆಂಬ ಖಾತರಿ ಇಲ್ಲ. ಅಲ್ಲಿ ಬೆನ್ನು ನೆಟ್ಟಗಿಟ್ಟುಕೊಳ್ಳುವ ಪಾಠ ಉಪಯೋಗಕ್ಕೆ ಬಾರದು, ಒಟ್ಟಾಗಿ ನಿಂತರೆ ಮಾತ್ರ ಮಾತು ತಲುಪುತ್ತದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ, ಭವಿಷ್ಯ ನಿಧಿಯಲ್ಲಿರುವ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ನಿಯಮ ತಂದಿತು. ಕಣ್ಣು, ಸೊಂಟ ಕೈಕೊಟ್ಟು ಎಷ್ಟೋ ಬೇಗ ಕೆಲಸ ಬಿಡುವ ಹೆಣ್ಣುಮಕ್ಕಳಿಗೆ ಪಿಎಫ್ ಎಂದರೆ ಮಗಳ ಫೀಸು, ಮನೆಯ ಲೀಸು, ಕೈಸಾಲ ತೀರಿಸುವ ದಾರಿ. ಅವರು ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆಗೆ ಇಳಿದರು. ಮರುದಿನ ಪ್ರತಿಭಟನೆ ಪೀಣ್ಯ, ತುಮಕೂರು ರಸ್ತೆಯ ಕಡೆಗೂ ಹಬ್ಬಿತು. ಮುಂದೆ ನಿಂತು ಕರೆದೊಯ್ಯುವ ದೊಡ್ಡ ನಾಯಕರು ಯಾರೂ ಇರಲಿಲ್ಲ. 19ಕ್ಕೇ ಆ ನಿಯಮ ವಾಪಸಾಯಿತು. ಬಸ್ಸುಗಳಿಗೆ ಬಿದ್ದ ಬೆಂಕಿಯನ್ನು ನಾನು ಮೆಚ್ಚುವುದಿಲ್ಲ, ಲಾಠಿ ಏಟು ತಿಂದವರಲ್ಲಿ ಹೆಂಗಸರೂ ಇದ್ದರು. ಆದರೆ ಅವರ ಹಣದ ಬಗ್ಗೆ ನಿಯಮ ಮಾಡುವ ಮುನ್ನ ಅವರನ್ನು ಯಾರು ಕೇಳಿದ್ದರು?

ರಸ್ತೆಗೆ ಇಳಿಯುವ ಮುಂಚಿನ ಬಾಗಿಲುಗಳಲ್ಲಿ ಒಂದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ. ರಾಜಸ್ಥಾನದ ಭಂವರಿ ದೇವಿ ಬಾಲ್ಯವಿವಾಹ ತಡೆಯುವ ತನ್ನ ಕೆಲಸ ಮಾಡಿದ್ದಕ್ಕೆ ಅನುಭವಿಸಿದ ಘೋರ ದೌರ್ಜನ್ಯ, ಅದರಿಂದ ಹೊರಟು 1997ರಲ್ಲಿ ಬಂದ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು, ಇವೆರಡರ ಫಲವಾಗಿ ಬಂದ ಕಾಯ್ದೆ ಇದು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಚಿಕ್ಕ ಅಂಗಡಿಯವರಿಗೆ, ಮನೆಗೆಲಸದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ದೂರು ಮೂರು ತಿಂಗಳೊಳಗೆ ಲಿಖಿತವಾಗಿ ಹೋಗಬೇಕು. ಬರೆಯಲಾಗದಿದ್ದರೆ ಬರೆಯಲು ನೆರವಾಗುವುದು ಸಮಿತಿಯದೇ ಕರ್ತವ್ಯ. ದುಡ್ಡು ಕೊಟ್ಟು ರಾಜಿ ಮಾಡಿಸುವಂತಿಲ್ಲ. ಸಮಿತಿಯ ಆದೇಶವನ್ನು ಎದ್ದುಕಾಣುವ ಜಾಗದಲ್ಲಿ ಹಾಕಬೇಕೆಂದೂ ಕಾಯ್ದೆ ಹೇಳುತ್ತದೆ. ನಿಮ್ಮ ಕಚೇರಿಯ ಗೋಡೆಯಲ್ಲಿ ಅದು ಎಲ್ಲಿದೆ, ಯಾವ ಭಾಷೆಯಲ್ಲಿದೆ ಎಂದು ನಾಳೆ ಹೋದ ತಕ್ಷಣ ನೋಡಿ. ಬೀರುವಿನ ಹಿಂದಿದ್ದರೆ ಆಚೆ ತರಿಸಿ.

ಮಧ್ಯಾಹ್ನ ನಿರ್ಣಯಗಳ ಗೋಷ್ಠಿ ಇದೆ. ಕರಡು ಓದಿದೆ. ಎಲ್ಲ ನಿರ್ಣಯವೂ "ಸರ್ಕಾರ ಈ ಬಗ್ಗೆ ಗಮನ ಹರಿಸಬೇಕೆಂದು ವಿನಮ್ರವಾಗಿ ವಿನಂತಿಸುತ್ತದೆ" ಎಂದು ಮುಗಿಯುತ್ತದೆ. ಯಾವ ಇಲಾಖೆ, ಏನು ಮಾಡಬೇಕು, ಯಾವ ತಾರೀಖಿನೊಳಗೆ ಎಂದು ಸೇರಿಸಿ ತಿದ್ದೋಣ. ತಿದ್ದುಪಡಿ ಇರುವವರು ಊಟಕ್ಕೆ ಏಳುವ ಮುಂಚೆ ಬರೆದು, ಸಹಿ ಹಾಕಿ ಕಾರ್ಯದರ್ಶಿಗಳ ಕೈಗೆ ಕೊಡಿ.